ಇಂದಿನ ಧಮ್ಮ ಚಿಂತನೆ: ಅಂತರ ದೇಹಕ್ಕೆ, ಮೈತ್ರಿಗಲ್ಲ



ಕೊರೊನಾ ಕಾಲದ ‘ಸಾಮಾಜಿಕ ಅಂತರ’ ಎಂಬ ಮಾತು ಕನ್ನಡ ಮೇಷ್ಟ್ರಾದ ನನ್ನ ಕಿವಿಗೆ ಚುಚ್ಚುತ್ತಿತ್ತು. ಆ ಅಂತರವನ್ನು ನಮ್ಮ ಹಿರಿಯರು ಊರಾಚೆಯ ಕೇರಿಗಳಲ್ಲಿ ಉಂಡವರು. 2020ರ ಮಾರ್ಚ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ‘ದೈಹಿಕ ಅಂತರ’ ಎನ್ನೋಣ ಎಂದಿತು. 1927ರಲ್ಲಿ ಬಾಬಾಸಾಹೇಬರು ಮಹಾಡ್ ಕೆರೆಯ ನೀರು ಮುಟ್ಟಿದ್ದೂ ಅದೇ ದಿನ!

ಅಸ್ಪೃಶ್ಯತೆ ಹುಟ್ಟು ನೋಡಿ ದೂರವಿಡುತ್ತದೆ, ಕೊನೆಯಿಲ್ಲ. ದೈಹಿಕ ಅಂತರ ಎಲ್ಲರಿಗೂ ಒಂದೇ. ಕೆಮ್ಮಿನ ಹನಿ ಜಾತಿ ಕೇಳದು. ಸೋಂಕು ಇಳಿದರೆ ಅದೂ ಮುಗಿಯಿತು.

ಅತಿಸಾರದಿಂದ ಬಿದ್ದಿದ್ದ ಭಿಕ್ಕುವನ್ನು ಭಗವಾನ್ ಬುದ್ಧರು ಆನಂದರೊಡನೆ ತಾವೇ ತೊಳೆದು ಮಲಗಿಸಿದರು. ಹಾಗಾಗಿ ಜ್ವರ, ಕೆಮ್ಮು ಬಂದಾಗ ಮಾಸ್ಕ್ ಹಾಕಿ ದೂರ ಕೂರೋಣ, ಅದೂ ಕರುಣೆಯೇ. ಆದರೆ ರೋಗಿಯ ಬಾಗಿಲಿಗೆ ಗಂಜಿ, ಔಷಧಿ, ಒಂದು ಒಳ್ಳೆಯ ಮಾತು ತಪ್ಪದೆ ತಲುಪಲಿ.

ಭವತು ಸಬ್ಬ ಮಂಗಲಂ 🌼