ಹೊಸ್ತಿಲು ದಾಟಿದ ನೀರು

ಭಾನುವಾರದ ಆರಾಧನೆಯ ಸಂದೇಶ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ, 28:1-3

ಕೂತ್ಕೊಳ್ಳಿ. ಬೈಬಲ್ ತೆರೆದು ಇಟ್ಕೊಳ್ಳಿ, ಆದ್ರೆ ವಾಕ್ಯಕ್ಕೆ ಹೋಗೋದಕ್ಕೆ ಮುಂಚೆ ನಾನು ಒಂದು ತಿದ್ದುಪಡಿ ಮಾಡಬೇಕು.

ನಿಮ್ಮಲ್ಲಿ ತುಂಬಾ ಜನಕ್ಕೆ ನನ್ನ ಚೆನ್ನೈ ಸಾಕ್ಷಿ ಗೊತ್ತು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ನಾನು ಕೆಲಸದ ಮೇಲೆ ಅಲ್ಲಿದ್ದೆ. ವೇಲಚೇರಿಯಲ್ಲಿ ನೆಲಮಹಡಿಯ ಬಾಡಿಗೆ ಮನೆ. ಬೀದಿಯೆಲ್ಲಾ ನೀರು, ಸಹೋದರ ಹೊಸ್ತಿಲ ಮೇಲೆ ನಿಂತು ಯೇಸುವಿನ ನಾಮದಲ್ಲಿ ಗದರಿಸಿದ, ನೀರು ಹೊಸ್ತಿಲು ದಾಟಲಿಲ್ಲ. ಹೌದಾ? ಹೀಗೇ ಕೇಳಿದ್ದೀರಿ. ಯೂತ್ ಕ್ಯಾಂಪಲ್ಲೂ ಇದನ್ನ ಹೇಳಿದ್ದಾರೆ.

ಪ್ರಿಯರೇ, ನೀರು ಹೊಸ್ತಿಲು ದಾಟಿತು. ನನ್ನ ಮೊಣಕಾಲಿನ ಮೇಲಕ್ಕೆ ಬಂತು.

ಆಮೆನ್ ಹೇಳಬೇಡಿ, ಇದಕ್ಕೆ ಆಮೆನ್ ಬೇಡ. ಸ್ವಲ್ಪ ಕೇಳಿಸ್ಕೊಳ್ಳಿ.

ಡಿಸೆಂಬರ್ 3 ಭಾನುವಾರ. ಚಂಡಮಾರುತ ಚೆನ್ನೈ ಮೇಲೆ ಬಂದು ಬೀಳಲಿಲ್ಲ, ಅದು ಕರೆ ದಾಟಿದ್ದು 5ನೇ ತಾರೀಕು ಆಂಧ್ರದ ಬಾಪಟ್ಲ ಹತ್ತಿರ. ಆದ್ರೆ ಚೆನ್ನೈ ಪಕ್ಕದ ಸಮುದ್ರದಲ್ಲಿ ನಿಧಾನವಾಗಿ, ಯಾವ ಆತುರವೂ ಇಲ್ಲದೆ, ಉತ್ತರಕ್ಕೆ ಸಾಗಿತು. ಅದು ನಿಧಾನವಾದಷ್ಟೂ ನಮಗೆ ಮಳೆ. ಎರಡು ದಿನದಲ್ಲಿ ಕೆಲವು ಕಡೆ 40 ಸೆಂಟಿಮೀಟರ್‌ಗೂ ಹೆಚ್ಚು ಸುರೀತು. ನಮ್ಮ ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳೋದು ಒಂದು ಮೀಟರ್ ಹತ್ತಿರ, ಲೆಕ್ಕ ಹಾಕಿ. ಸಮುದ್ರ ಉಬ್ಬಿದಾಗ ನದಿ, ಕಾಲುವೆಗಳ ನೀರನ್ನ ಅದು ಒಳಗೆ ತಗೊಳ್ಳಲ್ಲ. ದಕ್ಷಿಣ ಚೆನ್ನೈಯ ನೀರನ್ನೆಲ್ಲಾ ಸ್ಪಂಜಿನ ಹಾಗೆ ಹೀರುತ್ತಿದ್ದ ಪಳ್ಳಿಕರಣೈ ಜೌಗು ಇದೆಯಲ್ಲ, ಅದರ ಬಹುಪಾಲು ಈಗ ಕಟ್ಟಡ, ರಸ್ತೆ, ಕಸದ ರಾಶಿ. ಬೆಳ್ಳಂದೂರು, ವರ್ತೂರು ಕಡೆಯಿಂದ ಬಂದವರು ಇಲ್ಲಿದ್ದೀರಿ. 2022ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರಿಗೆ ನಾನು ವಿವರಿಸಬೇಕಾಗಿಲ್ಲ.

ನಮ್ಮ ಮೇಲ್ಮನೆಯಲ್ಲಿ ಒಬ್ಬರು ಭಾಯ್ ಇದ್ದರು, ಟೂ ವೀಲರ್ ಮೆಕ್ಯಾನಿಕ್. 2015ರ ಪ್ರವಾಹವನ್ನೂ ಅದೇ ಮನೆಯಲ್ಲಿ ಕಂಡವರು. ಶನಿವಾರ ಸಂಜೆಯೇ ಕೆಳಗಿಳಿದು ಬಂದು ಹೇಳಿದ್ರು, "ತಂಬಿ, ಸಾಮಾನು ಮೇಲೆತ್ತು. ಸರ್ಟಿಫಿಕೇಟ್, ಬಟ್ಟೆ, ಅಕ್ಕಿ ನಮ್ಮ ಮನೆಯಲ್ಲಿಡು. ಫ್ರಿಜ್ ಮೇಜಿನ ಮೇಲೆ ಹಾಕೋಣ, ನಾನು ಒಂದು ಕೈ ಕೊಡ್ತೀನಿ." ನಾನು ನಗುತ್ತಾ, "ದೇವರು ನೋಡ್ಕೊಳ್ತಾರೆ ಭಾಯ್" ಅಂದೆ. ಅದು ವಿಶ್ವಾಸ ಅಂದ್ಕೊಂಡಿದ್ದೆ. ನಿಜ ಹೇಳಬೇಕಂದ್ರೆ ಫ್ರಿಜ್ ಎತ್ತೋಕೆ ಸೋಮಾರಿತನ, ಅದಕ್ಕೊಂದು ವಾಕ್ಯದ ಬಟ್ಟೆ ಹೊದಿಸಿದ್ದೆ ಅಷ್ಟೇ.

ಭಾನುವಾರ ರಾತ್ರಿ ಹನ್ನೊಂದರ ಸುಮಾರಿಗೆ ಗೇಟಿನೊಳಗೆ ನೀರು. ಮೊದಲ ಮೆಟ್ಟಿಲು ಮುಳುಗಿತು. ನಾನು ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತೆ. ಕೈ ಚಾಚಿ ಗದರಿಸಿದೆ. ಅನ್ಯಭಾಷೆಯಲ್ಲಿ ಪ್ರಾರ್ಥಿಸಿದೆ. ಆಮೇಲೆ ಫೋನ್ ತೆಗೆದು ನಮ್ಮ ಸಭೆಯ ಪ್ರೇಯರ್ ಗ್ರೂಪಿಗೆ ವಾಯ್ಸ್ ಮೆಸೇಜ್ ಹಾಕಿದೆ: ಕರ್ತನ ನಾಮದಲ್ಲಿ ಆಜ್ಞೆ ಕೊಟ್ಟಿದ್ದೇನೆ, ಈ ನೀರು ನನ್ನ ಹೊಸ್ತಿಲು ದಾಟಲ್ಲ. ಮೆಸೇಜ್ ಹೋಯ್ತು, ಎರಡು ಗೆರೆ ಬಿತ್ತು. ಐದು ನಿಮಿಷಕ್ಕೆ ಕರೆಂಟ್ ಹೋಯ್ತು. ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಯ್ತು.

ನಾನಿನ್ನೂ ಬಾಗಿಲಲ್ಲೇ ನಿಂತಿದ್ದೆ. ಒಳಗಿಂದ ನನ್ನ ಹೆಂಡತಿ ಕೂಗಿದಳು. ನೀರು ಬಚ್ಚಲಿನಿಂದ ಬರ್ತಾ ಇತ್ತು. ಊರಿನ ಚರಂಡಿ ತುಂಬಿದಾಗ ಅದು ಬಾಗಿಲು ತಟ್ಟಿ ಬರಲ್ಲ, ಪೈಪಿನಲ್ಲಿ ಹಿಂದಕ್ಕೆ ಬರುತ್ತೆ. ನಾನು ಮುಂದಿನ ಬಾಗಿಲು ಕಾಯ್ತಿದ್ದಾಗ ಹಿಂದಿನಿಂದ ಕಪ್ಪು ನೀರು ಹಾಲಿಗೆ ಬಂದು ನನ್ನ ಹಿಮ್ಮಡಿಗೆ ತಾಕಿತು. ಆಗಲೂ ನಾನು ಜೋರಾಗಿ ಪ್ರಾರ್ಥನೆ ಶುರು ಮಾಡಿದೆ. ಅವಳು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: "ರೀ, ಮೊದಲು ಮಗು ಎತ್ಕೊಳ್ಳಿ. ಪ್ರಾರ್ಥನೆ ಮೇಲೆ ಹೋಗಿ ಮಾಡೋಣ."

ಮೇನ್ ಸ್ವಿಚ್ ಇಳಿಸೋದನ್ನ ನೆನಪಿಸಿದ್ದು ಕೂಡ ಭಾಯ್, ಮೆಟ್ಟಿಲ ಮೇಲಿಂದ ಟಾರ್ಚ್ ಹಿಡಿದು. ಮೂರು ರಾತ್ರಿ ಅವರ ಎರಡು ಕೋಣೆಯಲ್ಲಿ ನಾವು ಒಂಬತ್ತು ಜನ. ಅವರ ತಾಯಿ ತಮ್ಮ ಮಂಚವನ್ನ ನಮ್ಮ ಎರಡು ವರ್ಷದ ಮಗಳಿಗೆ ಬಿಟ್ಟು ನೆಲದ ಮೇಲೆ ಮಲಗಿದ್ರು. ಹಾಲು ಸಿಗಲಿಲ್ಲ. ಆ ಅಜ್ಜಿ ಅಕ್ಕಿ ಗಂಜಿಗೆ ಬೆಲ್ಲ ಹಾಕಿ ಮಗುವಿಗೆ ಕುಡಿಸಿದ್ರು. ಅವರು ಐದು ಹೊತ್ತು ನಮಾಜ್ ಮಾಡೋ ಕೋಣೆಯಲ್ಲೇ ನಾವೂ ಮೊಣಕಾಲೂರಿದ್ವಿ, ಯಾರೂ ಏನೂ ಅನ್ನಲಿಲ್ಲ.

ಬುಧವಾರ ಸಿಗ್ನಲ್ ಬಂತು. ಫೋನ್ ತೆರೆದ್ರೆ ಗ್ರೂಪಲ್ಲಿ ಸಾಲು ಸಾಲು ಸ್ತೋತ್ರ, ಹಲ್ಲೆಲೂಯ. ಮಂಗಳವಾರದ ಉಪವಾಸ ಪ್ರಾರ್ಥನೆಯಲ್ಲಿ ನನ್ನ ವಾಯ್ಸ್ ಮೆಸೇಜ್ ಕೇಳಿಸಿ, ಅದನ್ನ ಆಗಿಹೋದ ಸಾಕ್ಷಿಯಾಗಿ ಹೇಳಿಬಿಟ್ಟಿದ್ರು. "ಬ್ರದರ್, ನೀರು ನಿಂತೇಬಿಡ್ತಂತೆ!" ನಾನು ಬೇರೆಯವರ ಲುಂಗಿ ಉಟ್ಕೊಂಡು, ಬೇರೆಯವರ ಮನೆಯಲ್ಲಿ ಕೂತು, ಟೈಪ್ ಮಾಡಿದೆ: "ಆಮೆನ್. ದೇವರಿಗೆ ಮಹಿಮೆ."

ಆ ಎರಡು ಪದ ಸುಳ್ಳಲ್ಲ ಅಂತ ಒಂದೂವರೆ ವರ್ಷ ನನಗೆ ನಾನೇ ವಾದ ಮಾಡ್ಕೊಂಡೆ. ಮಹಿಮೆ ದೇವರಿಗೇ ತಾನೇ? ಆದ್ರೆ ಅದು ಸುಳ್ಳು. ಮಾಡಿದ್ದು ನಾನು.

ಈಗ ವಾಕ್ಯಕ್ಕೆ ಬನ್ನಿ. ಅಪೊಸ್ತಲರ ಕೃತ್ಯಗಳು 27. ಈ ಅಧ್ಯಾಯ ನನ್ನನ್ನ ಬಿಡ್ತಾ ಇಲ್ಲ.

ಪೌಲ ಯಾರು? 19ನೇ ಅಧ್ಯಾಯದಲ್ಲಿ ಅವನ ಮೈಮೇಲಿನ ಬಟ್ಟೆ ತಗೊಂಡು ಹೋದ್ರೆ ರೋಗಿಗಳು ವಾಸಿಯಾದರು. ಅಂಥವನು ಹಡಗಲ್ಲಿದ್ದಾನೆ, ಈಶಾನ್ಯದ ಬಿರುಗಾಳಿ ಹೊಡೀತಿದೆ. ಗಾಳಿಯನ್ನ ಗದರಿಸಿದನಾ? ಹುಡುಕಿ ನೋಡಿ. ಇಲ್ಲ. ಗಲಿಲಾಯ ಸಮುದ್ರದಲ್ಲಿ ಕರ್ತನು ಗದರಿಸಿದನು, ಗಾಳಿ ನಿಂತಿತು, ಅದನ್ನ ನಾನು ಅಕ್ಷರಶಃ ನಂಬ್ತೀನಿ, ಇವತ್ತಿಗೂ ಆಗುತ್ತೆ ಅಂತ ನಂಬ್ತೀನಿ. ಆದ್ರೆ ಇಲ್ಲಿ ಹದಿನಾಲ್ಕು ರಾತ್ರಿ ಗಾಳಿ ನಿಲ್ಲಲಿಲ್ಲ. ಸೂರ್ಯ, ನಕ್ಷತ್ರ ಕಾಣಲಿಲ್ಲ. ಬದುಕೋ ಆಸೆಯೇ ಹೋಯಿತು ಅಂತ ಬರೆಯೋ ಲೂಕ ತನ್ನನ್ನೂ ಸೇರಿಸಿಕೊಂಡೇ ಬರೀತಾನೆ.

ಆಮೇಲೆ ದೂತನು ಬಂದ. ಏನು ಮಾತು ಕೊಟ್ಟ? ಜನ ಉಳೀತಾರೆ ಅಂತ. ಹಡಗಿನ ಬಗ್ಗೆ ಪೌಲ ಎದ್ದು ನಿಂತು ಏನು ಹೇಳ್ತಾನೆ? ಹಡಗು ಹೋಗುತ್ತೆ, ನಾವು ಯಾವುದೋ ದ್ವೀಪಕ್ಕೆ ಬಡಿದು ಬೀಳಬೇಕು, ಅಂತ. ನೋಡಿ, ಎಷ್ಟು ಸಿಗುತ್ತೋ ಅಷ್ಟೇ ಹೇಳಿದ. ಸಿಗದೇ ಇರೋದನ್ನ ಸೇರಿಸಿ ಜನರನ್ನ ಹುರಿದುಂಬಿಸಲಿಲ್ಲ. ನಾನು ಅವತ್ತು ರಾತ್ರಿ ದೇವರು ಕೊಡದ ಒಂದು ಮಾತನ್ನ ದೇವರ ಹೆಸರಲ್ಲಿ ಗ್ರೂಪಿಗೆ ಕಳಿಸಿದೆ. ವ್ಯತ್ಯಾಸ ಅಲ್ಲಿದೆ.

ಇನ್ನೊಂದು, ಇದನ್ನ ಬೇಗ ಹೇಳಿ ಮುಗಿಸ್ತೀನಿ. ಹಡಗು ಕ್ರೇತದಲ್ಲಿ ಇದ್ದಾಗಲೇ ಪೌಲ ಎಚ್ಚರಿಕೆ ಕೊಟ್ಟಿದ್ದ, ಶತಾಧಿಪತಿ ಕೇಳಲಿಲ್ಲ. ಎಚ್ಚರಿಕೆ ಕೇಳೋದು ಅವಿಶ್ವಾಸ ಅಲ್ಲ ಕಣ್ರೀ. ನನ್ನ ವಿಷಯದಲ್ಲಿ ಪೌಲನ ಮಾತು ಒಬ್ಬ ಮೆಕ್ಯಾನಿಕ್ ಬಾಯಲ್ಲಿ ಬಂತು, ನಾನು ಶತಾಧಿಪತಿ ಆದೆ.

ಕೊನೆಗೆ ಏನಾಯ್ತು? ಸರಕು ಹೋಯ್ತು, ಹಡಗಿನ ಸಲಕರಣೆ ಹೋಯ್ತು, ಗೋಧಿ ಹೋಯ್ತು, ಹಡಗು ಒಡೀತು. 276 ಜನ, ಈಜು ಬಂದವರು ಈಜಿ, ಉಳಿದವರು ಹಲಗೆ ಹಿಡ್ಕೊಂಡು, ದಡ ಸೇರಿದರು. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಪೌಲ ಹೇಳ್ತಾನೆ, ಮೂರು ಸಲ ನನ್ನ ಹಡಗು ಒಡೆಯಿತು ಅಂತ. ಆ ಪತ್ರ ಈ ಪ್ರಯಾಣಕ್ಕಿಂತ ಮುಂಚೆ ಬರೆದದ್ದು. ಹಾಗಾದ್ರೆ ಇದು ನಾಲ್ಕನೇದು! ಯಾರಾದ್ರೂ ಅವನ ಹತ್ತಿರ ಬಂದು, "ಪೌಲಣ್ಣ, ನಾಲ್ಕು ಹಡಗು ಹೋಯ್ತಲ್ಲ, ನಿನ್ನ ವಿಶ್ವಾಸದಲ್ಲಿ ಏನೋ ತೂತಿದೆ" ಅಂದಿದ್ರೆ?

ನಗಬೇಡಿ. ಅದನ್ನೇ ನಾನು ಒಬ್ಬನಿಗೆ ಹೇಳಿದ ಹಾಗಾಯ್ತು. ನಮ್ಮ ಸಭೆಯ ಒಬ್ಬ ತಮ್ಮನ ಮನೆಗೆ ಈ ಸಲದ ಮಳೆಯಲ್ಲಿ ನೀರು ನುಗ್ಗಿತು, ಹೊರಮಾವು ಕಡೆ. ಅವನ ಅಪ್ಪಣೆ ಕೇಳಿಯೇ ಹೇಳ್ತಿದ್ದೀನಿ, ಹಿಂದಿನ ಸಾಲಲ್ಲಿ ಕೂತಿದ್ದಾನೆ, ಯಾರೂ ತಿರುಗಿ ನೋಡಬೇಡಿ. ಅವನೂ ಅವನ ತಾಯಿಯೂ ಹೊಸ್ತಿಲಲ್ಲಿ ನಿಂತು ಪ್ರಾರ್ಥನೆ ಮಾಡಿದ್ದರು, ನನ್ನ ಹಾಗೇ ಮಾಡಬೇಕು ಅಂತ. ನೀರು ಬಂತು. ಆಮೇಲೆ ಅವನು ನನ್ನ ಹತ್ತಿರ ಬಂದು ಕೇಳಿದ, "ಪಾಸ್ಟರ್, ನಿಮ್ಮಷ್ಟು ನಂಬಿಕೆ ನನಗಿಲ್ಲ, ನನ್ನಲ್ಲಿ ಯಾವ ಪಾಪ ಇದೆ ಅಂತ ಹೇಳ್ತೀರಾ?" ನಾನು ಅವನ ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ ಕಳಿಸಿದೆ. ಸತ್ಯ ಹೇಳಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಬರಬಾರದು ಕೂಡ.

ಆ ಸೋಮವಾರ ನಮ್ಮ ವೇಲಚೇರಿಯಲ್ಲೇ ಒಂದು ಕಟ್ಟಡಕ್ಕೆ ತೋಡಿದ್ದ ದೊಡ್ಡ ಹಳ್ಳ ಕುಸಿದು ಇಬ್ಬರು ಕೆಲಸದವರು ಒಳಗೆ ಸಿಕ್ಕಿಹಾಕ್ಕೊಂಡರು. ದಿನಗಟ್ಟಲೆ ನೀರು ಪಂಪ್ ಮಾಡಿ ಶವ ತೆಗೆದರು. ಅವರಿಗಾಗಿ ಪ್ರಾರ್ಥನೆ ಮಾಡೋ ತಾಯಂದಿರು ಇರಲಿಲ್ವಾ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಬೈಬಲ್ ಕಾಲೇಜಿನ ನೋಟ್ಸಲ್ಲೂ ಇಲ್ಲ. ಆದ್ರೆ ನನ್ನ ಸುಳ್ಳು ಸಾಕ್ಷಿ ಆ ತಾಯಂದಿರ ಕಿವಿಗೆ ಬಿದ್ದಿದ್ರೆ ಏನು ಅನ್ನಿಸ್ತಿತ್ತು ಅಂತ ಮಾತ್ರ ಯೋಚನೆ ಮಾಡಿದ್ದೀನಿ.

28ನೇ ಅಧ್ಯಾಯದ ಮೊದಲ ಮೂರು ವಚನ ನೋಡಿ. ಮಾಲ್ಟಾ ದ್ವೀಪ. ಮಳೆ, ಚಳಿ. ಯೇಸುವಿನ ಹೆಸರೇ ಕೇಳದ ಜನ ಬೆಂಕಿ ಹಚ್ಚಿ ಎಲ್ಲರನ್ನೂ ಸೇರಿಸ್ಕೊಂಡರು. ಅದು ಸಾಮಾನ್ಯ ದಯೆಯಲ್ಲ ಅನ್ನೋ ಅರ್ಥದಲ್ಲಿ ಲೂಕ ಬರೀತಾನೆ. ಎಷ್ಟು ಸಲ ಓದಿದ್ದೀನಿ, ಆ ಬೆಂಕಿ ನನಗೆ ಕಂಡೇ ಇರಲಿಲ್ಲ, ಹಾವೇ ಕಾಣ್ತಿತ್ತು. ಆ ಅಜ್ಜಿಯ ಗಂಜಿ ಕುಡಿದ ಮೇಲೆ ಬೆಂಕಿ ಕಾಣಿಸ್ತು. ನನ್ನ ಸಾಕ್ಷಿಯಲ್ಲಿ ಆ ಮನೆಯೇ ಇರಲಿಲ್ಲ, ಗಮನಿಸಿದ್ರಾ? ನೀರು ಒಳಗೆ ಬರಲೇ ಇಲ್ಲ ಅಂದ ಮೇಲೆ ಮೇಲ್ಮನೆಗೆ ಯಾಕೆ ಹೋಗಬೇಕು? ದೇವರು ನಿಜವಾಗಿ ನನ್ನನ್ನ ಕಾಪಾಡಿದ ಜಾಗವನ್ನೇ ನಾನು ಅಳಿಸಿಬಿಟ್ಟಿದ್ದೆ.

ಹಾವು ಕಚ್ಚಿದಾಗ ಪೌಲ ಏನು ಮಾಡ್ತಿದ್ದ? ಸೌದೆ ಆರಿಸಿ ತರ್ತಿದ್ದ. ಅಪೊಸ್ತಲ, ಹದಿನಾಲ್ಕು ದಿನ ಊಟ ಸರಿಯಾಗಿ ಇಲ್ಲದವನು, ಒದ್ದೆ ಬಟ್ಟೆಯಲ್ಲಿ ಕಟ್ಟಿಗೆ ಕೂಡಿಸ್ತಿದ್ದಾನೆ.

ನೀರು ಇಳಿದ ಮೇಲೆ ಮನೆ ಹೇಗಿರುತ್ತೆ ಗೊತ್ತಾ? ಫ್ರಿಜ್ ತೇಲಿ ಹೋಗಿ ಬಾಗಿಲಿಗೆ ಅಡ್ಡ ಬಿದ್ದಿತ್ತು. ಹತ್ತಿ ಹಾಸಿಗೆ ನೆನೆದ್ರೆ ನಾಲ್ಕು ಜನ ಎತ್ತಬೇಕು. ಪ್ಲೈವುಡ್ ಬೀರು ಉಬ್ಬಿ ಬಾಗಿಲು ತೆರೀಲಿಲ್ಲ, ಒಡೆದು ತೆಗೆದ್ರೆ ಸರ್ಟಿಫಿಕೇಟ್, ಮದುವೆ ಆಲ್ಬಮ್ ಎಲ್ಲ ಒಂದೇ ಮುದ್ದೆ. ನನ್ನ ಬೈಬಲ್ ಇಷ್ಟು ದಪ್ಪ ಆಗಿತ್ತು. ಗೋಡೆಗೆ ಮಣ್ಣಿನ ಗೆರೆ, ನೆಲದ ಮೇಲೆ ಕಪ್ಪು ಕೆಸರು, ಆ ವಾಸನೆ ಮೂಗಿನಿಂದ ತಿಂಗಳು ಹೋಗಲ್ಲ. ಕೆಸರು ಒಣಗೋದಕ್ಕೆ ಮುಂಚೆ ಬಳೀಬೇಕು, ಒಣಗಿದ್ರೆ ಸಿಮೆಂಟು. ಭಾಯ್ ಬ್ಲೀಚಿಂಗ್ ಪೌಡರ್ ತಂದ್ರು, ಕಾಲಲ್ಲಿ ಗಾಯ ಇದ್ರೆ ನೀರಿಗಿಳಿಯಬೇಡ, ಇಲಿ ಜ್ವರ ಬರುತ್ತೆ ಅಂದ್ರು. ನನ್ನ ಬೈಕಿಗೆ ಕೀ ಹಾಕೋಕೆ ಹೋದ್ರೆ ಕೈ ಹಿಡ್ಕೊಂಡು, "ಸ್ಟಾರ್ಟ್ ಮಾಡಿದ್ರೆ ಎಂಜಿನ್ ಸತ್ತುಹೋಗುತ್ತೆ" ಅಂತ ನಿಲ್ಲಿಸಿದ್ರು. ಆಯಿಲ್ ಇಳಿಸಿದಾಗ ಅದು ಹಾಲು ಹಾಕಿದ ಕಾಫಿ ಬಣ್ಣ. ಮೂರು ಸಲ ತೊಳೆದು ಹೊಸ ಆಯಿಲ್ ಹಾಕಿದ್ರು. ದುಡ್ಡು ತಗೊಳ್ಳಲಿಲ್ಲ. ಅದೇ ಬೈಕು ಇವತ್ತು ಹೊರಗೆ ನಿಂತಿದೆ.

ನಿನ್ನೆ ರಾತ್ರಿ ಆ ತಮ್ಮನ ಮನೆಗೆ ಹೋಗಿ, ಅವನ ತಾಯಿ ಎದುರಿಗೇ ಎಲ್ಲ ಹೇಳಿದೆ. ಕ್ಷಮೆ ಕೇಳಿದೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆ ಅಮ್ಮ ಎದ್ದು ಒಳಗೆ ಹೋದ್ರು, ಹೊರಗೆ ಬರಲಿಲ್ಲ. ಅವರಿಗೆ ಕೋಪ ಇದೆ, ಇರಲಿ, ನ್ಯಾಯವೇ. ಕೊನೆಗೆ ಅವನು ಕೇಳಿದ, "ಪಾಸ್ಟರ್, ನಿಮಗೂ ಬಚ್ಚಲಿನಿಂದಲೇ ಬಂತಾ?"

"ಹೂಂ" ಅಂದೆ.

"ನಮಗೂ" ಅಂದ.

ಅವರ ಗೋಡೆ ಇನ್ನೂ ಒಣಗಿಲ್ಲ. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಹೋಗ್ತಿದ್ದೀವಿ, ಗೋಡೆ ಕೆರೆದು ಸುಣ್ಣ ಹೊಡೆಯೋಕೆ. ಐದಾರು ಜನ ಸಾಕು, ಹಳೇ ಬಟ್ಟೆ ಹಾಕ್ಕೊಂಡು ಬನ್ನಿ. ಈಗ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ.