ವೀಕ್ಷಣಾಲಯದ ಮಕ್ಕಳಿಗೆ ನಾವು ಸಲ್ಲಿಸಬೇಕಾದ ಋಣ



ಶಿಕ್ಷೆ, ಶಿಕ್ಷಣ ಎಂಬ ಎರಡು ಮಾತುಗಳನ್ನು ನಾವು ದಿನವೂ ಬಳಸುತ್ತೇವೆ. ಎರಡೂ ಒಂದೇ ಸಂಸ್ಕೃತ ಧಾತುವಿನಿಂದ ಬಂದವು. ಆ ಧಾತುವಿನ ಅರ್ಥ ಕಲಿಯುವುದು ಎಂದು. ವೇದಾಂಗಗಳಲ್ಲಿ ಒಂದಾದ 'ಶಿಕ್ಷಾ' ಎಂಬುದು ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರ. ಅಲ್ಲಿ ದಂಡನೆಯ ಮಾತೇ ಇಲ್ಲ. ಕಾಲಕ್ರಮದಲ್ಲಿ ನಮ್ಮ ಬಾಯಲ್ಲಿ ಶಿಕ್ಷೆ ಎಂದರೆ ದಂಡನೆಯಾಯಿತು, ಶಿಕ್ಷಣ ಎಂದರೆ ಶಾಲೆಯಾಯಿತು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮನೆ ಮಾಡಿಕೊಂಡು, ಒಬ್ಬರನ್ನೊಬ್ಬರು ಮರೆತಂತಾಯಿತು.

ಆದರೆ ಈ ಇಬ್ಬರೂ ಒಂದೇ ಸೂರಿನಡಿ ಬಾಳಲೇಬೇಕಾದ ಒಂದು ಸ್ಥಳವಿದೆ. ಹಳಬರು ಅದನ್ನು ಈಗಲೂ ರಿಮ್ಯಾಂಡ್ ಹೋಮ್ ಎನ್ನುತ್ತಾರೆ. ಕಾನೂನು ಅದನ್ನು ವೀಕ್ಷಣಾಲಯ ಎಂದು ಕರೆಯುತ್ತದೆ. ಕಳ್ಳತನ, ಹೊಡೆದಾಟ, ಕೆಲವೊಮ್ಮೆ ಅದಕ್ಕಿಂತಲೂ ಘೋರವಾದ ಆರೋಪ ಹೊತ್ತ ಹದಿನೆಂಟು ತುಂಬದ ಮಕ್ಕಳನ್ನು ವಿಚಾರಣೆ ಮುಗಿಯುವವರೆಗೆ ಅಲ್ಲಿ ಇರಿಸುತ್ತಾರೆ. ತಪ್ಪು ಮಾಡಿದ್ದು ನಿಜವೆಂದು ಬಾಲ ನ್ಯಾಯ ಮಂಡಳಿಗೆ ಕಂಡುಬಂದರೆ, ಮಗುವನ್ನು ವಿಶೇಷ ಗೃಹಕ್ಕೆ ಕಳುಹಿಸಬಹುದು. ಅಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ.

ಈ ಮಕ್ಕಳ ಓದಿನ ವಿಷಯವಾಗಿ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇನೆ. ಅವರಿಗೆ ಒಳ್ಳೆಯ ಶಿಕ್ಷಣ ಕೊಡುವುದು ನಮ್ಮ ಔದಾರ್ಯವೋ? ಅಥವಾ ಅವರಿಗೆ ಸಲ್ಲಬೇಕಾದ ನ್ಯಾಯವೋ?

ಎರಡೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತದೆ ನಮ್ಮ ಗಾದೆ. ಔದಾರ್ಯದಿಂದ ಕೊಟ್ಟದ್ದು ಹಳೆಯ ಪುಸ್ತಕವಾದರೂ ಸರಿ, ವಾರಕ್ಕೊಂದು ಗಂಟೆಯ ಪಾಠವಾದರೂ ಸರಿ, ಪಡೆದವನು ಕೈಮುಗಿಯಬೇಕು. ಸಾಲದ ಲೆಕ್ಕ ಹಾಗಲ್ಲ. ಸಾಲವನ್ನು ಎಣಿಸಿ, ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ತೀರಿಸಬೇಕು. ಪ್ರತಿಯೊಬ್ಬನಿಗೂ ಅವನದನ್ನು ಸಲ್ಲಿಸುವ ಸ್ಥಿರವಾದ ಮನಸ್ಸೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ಆದ್ದರಿಂದ ಈ ಮಕ್ಕಳ ಓದು ನ್ಯಾಯದ ವಿಷಯವಾದರೆ, ಅದರ ಗುಣಮಟ್ಟವನ್ನು ಕೇಳುವ ಹಕ್ಕು ಅವರಿಗೂ, ಅವರ ಪರವಾಗಿ ನಮಗೂ ಇದೆ.

ಕಾನೂನು ಹೇಳುವುದೇನು?

2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಇಂಥ ಗೃಹಗಳಲ್ಲಿರುವ ಪ್ರತಿ ಮಗುವಿಗೂ ತಕ್ಕ ಶಿಕ್ಷಣ ದೊರೆಯಬೇಕು. ಆರರಿಂದ ಹದಿನಾಲ್ಕು ವರ್ಷದವರಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಅನ್ವಯಿಸುತ್ತದೆ. 2016ರ ಮಾದರಿ ನಿಯಮಗಳು ಇನ್ನೂ ಬಿಡಿಸಿ ಹೇಳುತ್ತವೆ: ವಯಸ್ಸಿಗೂ ಸಾಮರ್ಥ್ಯಕ್ಕೂ ತಕ್ಕಂತೆ ಗೃಹದ ಒಳಗೋ ಹೊರಗಿನ ಶಾಲೆಯಲ್ಲೋ ಓದು, ಶಾಲೆ ಬಿಟ್ಟವರಿಗೆ ಸೇತುಬಂಧ ಶಾಲೆ ಅಥವಾ ಮುಕ್ತ ಶಾಲೆ, ಬೇಕಾದವರಿಗೆ ಹೆಚ್ಚುವರಿ ಪಾಠ.

ವಿಶ್ವಸಂಸ್ಥೆಯ ಮಹಾಸಭೆ 1990ರ ಡಿಸೆಂಬರ್ 14ರಂದು ಬಂಧನದಲ್ಲಿರುವ ಎಳೆಯರ ರಕ್ಷಣೆಗಾಗಿ ನಿಯಮಗಳನ್ನು ಅಂಗೀಕರಿಸಿತು. ಸಾಧ್ಯವಾದಲ್ಲೆಲ್ಲ ಅವರು ಊರಿನ ಸಾಮಾನ್ಯ ಶಾಲೆಯಲ್ಲೇ ಓದಬೇಕು, ಕಲಿಸುವವರು ಅರ್ಹತೆ ಪಡೆದ ಶಿಕ್ಷಕರಾಗಿರಬೇಕು, ಪಾಠಕ್ರಮ ದೇಶದ ಶಿಕ್ಷಣ ವ್ಯವಸ್ಥೆಗೆ ಹೊಂದಿಕೊಂಡಿರಬೇಕು, ಗ್ರಂಥಾಲಯವಿರಬೇಕು. ಮತ್ತೊಂದು ಮಾತು ಅಲ್ಲಿದೆ, ಅದನ್ನು ನೆನಪಿನಲ್ಲಿಡಿ: ಬಂಧನದಲ್ಲಿದ್ದಾಗ ಪಡೆದ ಅಂಕಪಟ್ಟಿಯಲ್ಲಾಗಲಿ ಪ್ರಮಾಣಪತ್ರದಲ್ಲಾಗಲಿ ಮಗು ಅಂಥ ಸ್ಥಳದಲ್ಲಿತ್ತು ಎಂಬ ಸುಳಿವು ಇರಕೂಡದು.

ಇದನ್ನು ನಡೆಸುವುದು ಸುಲಭವಲ್ಲ. ಶಾಲೆ ಜೂನ್‌ನ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಹುಡುಗ ಅಕ್ಟೋಬರ್‌ನಲ್ಲಿ ಬರುತ್ತಾನೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವನೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಸಬೇಕಾದವನೂ ಒಂದೇ ಕೋಣೆಯಲ್ಲಿ ಕೂರಬೇಕಾಗುತ್ತದೆ. ಒಬ್ಬನ ಮನೆಮಾತು ಕನ್ನಡ, ಇನ್ನೊಬ್ಬನದು ಉರ್ದು, ಮತ್ತೊಬ್ಬನದು ತಮಿಳು. ಕೆಲವರು ಹದಿನೈದು ದಿನದಲ್ಲಿ ಜಾಮೀನಿನ ಮೇಲೆ ಹೊರಟುಬಿಡುತ್ತಾರೆ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಇನ್ನೆರಡು ತಿಂಗಳು ವಿಸ್ತರಿಸಬಹುದು ಎಂದು ಕಾಯ್ದೆ ಹೇಳುತ್ತದೆ. ಶಾಲೆಯ ವರ್ಷ ಹತ್ತು ತಿಂಗಳದ್ದು. ಅಂದರೆ ತಪ್ಪಿತಸ್ಥನೆಂದು ಇನ್ನೂ ತೀರ್ಮಾನವಾಗದ ಹುಡುಗನೊಬ್ಬ ಅರ್ಧ ವರ್ಷಕ್ಕಿಂತ ಹೆಚ್ಚಿನ ಓದನ್ನು ಕಳೆದುಕೊಳ್ಳಬಹುದು. ಯಾವ ನ್ಯಾಯಾಲಯವೂ ವಿಧಿಸದ ದಂಡನೆಯಲ್ಲವೇ ಇದು?

ಇನ್ನೊಂದು ಕೊರತೆಯೂ ಇದೆ. ಕಾನೂನಿನ ಹಿಡಿತಕ್ಕೆ ಸಿಕ್ಕ ಮಕ್ಕಳಲ್ಲಿ ಬಹುಪಾಲು ಜನ ಹದಿನಾರರಿಂದ ಹದಿನೆಂಟರ ನಡುವಿನವರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳು ವರ್ಷ ವರ್ಷವೂ ತೋರಿಸುತ್ತಿವೆ. ಶಿಕ್ಷಣ ಹಕ್ಕು ಕಾಯ್ದೆಯ ಕೈ ಹದಿನಾಲ್ಕಕ್ಕೇ ನಿಲ್ಲುತ್ತದೆ. ಅತಿ ಹೆಚ್ಚು ಅಗತ್ಯವಿರುವ ವಯಸ್ಸಿನಲ್ಲೇ ಆ ಭದ್ರವಾದ ಆಸರೆ ತಪ್ಪಿಹೋಗುತ್ತದೆ.

ಧರ್ಮಸಭೆಯ ಹಳೆಯ ಅನುಭವ

ಧರ್ಮಸಭೆಗೆ ಈ ವಿಷಯ ಹೊಸದಲ್ಲ. ಜಗದ್ಗುರು ಹನ್ನೊಂದನೇ ಕ್ಲೆಮೆಂಟರು 1703ರಲ್ಲಿ ರೋಮಿನ ಸಾನ್ ಮಿಕೇಲೆಯಲ್ಲಿ ತಪ್ಪುದಾರಿ ಹಿಡಿದ ಹುಡುಗರಿಗಾಗಿ ಒಂದು ತಿದ್ದುಮನೆಯನ್ನು ಸ್ಥಾಪಿಸಿದರು. ದೊಡ್ಡವರ ಸೆರೆಮನೆಯಿಂದ ಅವರನ್ನು ಬೇರ್ಪಡಿಸಿ, ಕೆಲಸವನ್ನೂ ಧರ್ಮೋಪದೇಶವನ್ನೂ ಕಲಿಸುವುದು ಅದರ ಉದ್ದೇಶ. ಕೆಟ್ಟವರನ್ನು ದಂಡನೆಯಿಂದ ತಡೆದರೆ ಸಾಲದು, ಶಿಸ್ತಿನಿಂದ ಒಳ್ಳೆಯವರನ್ನಾಗಿ ಮಾಡದ ಹೊರತು ಅದು ಅಲ್ಪವೇ ಎಂಬ ಅರ್ಥದ ಲತೀನ್ ಬರಹವನ್ನು ಅಲ್ಲಿ ಕೆತ್ತಿಸಿದ್ದರು. ಶಿಸ್ತು ಎಂಬುದಕ್ಕೆ ಅಲ್ಲಿರುವ 'ಡಿಸಿಪ್ಲೀನಾ' ಎಂಬ ಪದಕ್ಕೂ ಕಲಿಕೆ ಎಂಬುದೇ ಮೂಲಾರ್ಥ. ಅಂದಿನ ಆ ಮನೆಯಲ್ಲಿ ಇಂದು ನಾವು ಒಪ್ಪದ ಕಠೋರ ಕ್ರಮಗಳೂ ಇದ್ದವು. ಆದರೂ ದಂಡನೆಯೊಂದೇ ಸಾಲದೆಂಬ ಅರಿವು ಮುನ್ನೂರು ವರ್ಷಗಳ ಹಿಂದೆಯೇ ಇತ್ತು.

ಸಂತ ಜಾನ್ ಬೋಸ್ಕೊರವರು 1841ರಲ್ಲಿ ಗುರುದೀಕ್ಷೆ ಪಡೆದು ತುರಿನ್ ನಗರದ ಸೆರೆಮನೆಗಳಿಗೆ ಭೇಟಿ ಕೊಡತೊಡಗಿದಾಗ ಅವರ ಎದೆ ಕಲಕಿದ ಸಂಗತಿ ಒಂದಿತ್ತು: ಬಿಡುಗಡೆಯಾದ ಹುಡುಗರೇ ಮತ್ತೆ ಅಲ್ಲಿಗೆ ಬರುತ್ತಿದ್ದರು. ಹೊರಗೆ ಅವರನ್ನು ವಿಚಾರಿಸುವವರು ಯಾರೂ ಇರಲಿಲ್ಲ. ಆದ್ದರಿಂದ ಅವರು ಬಡ ಹುಡುಗರಿಗಾಗಿ ಭಾನುವಾರದ ಪಾಠವನ್ನೂ ರಾತ್ರಿ ಶಾಲೆಯನ್ನೂ ನಡೆಸಿದರು. ಆ ನಾಡಿನಲ್ಲಿ 1850ರಲ್ಲಿ ಮೆಟ್ರಿಕ್ ಅಳತೆ ಜಾರಿಗೆ ಬರಲಿದ್ದಾಗ, ಅದನ್ನು ಸರಳವಾಗಿ ಕಲಿಸುವ ಪುಸ್ತಕವನ್ನೇ ಬರೆದರು. ಒಬ್ಬ ಸಂತರು ಮೀಟರು, ಕಿಲೋಗ್ರಾಮುಗಳ ಪುಸ್ತಕ ಏಕೆ ಬರೆಯಬೇಕು? ನಾಳೆ ಹೊರಗಿನ ಲೋಕ ಹುಡುಗನಿಂದ ಏನು ಕೇಳುತ್ತದೋ ಅದನ್ನೇ ಇಂದು ಕಲಿಸಬೇಕೆಂದು ಅವರು ತಿಳಿದಿದ್ದರು. ಗುಣಮಟ್ಟ ಎಂದರೆ ಇದೇ. ಕೈಯಲ್ಲಿ ಬಣ್ಣದ ಪೆನ್ಸಿಲು ಕೊಟ್ಟು ಹೊತ್ತು ಕಳೆಸುವುದಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಶಿಕ್ಷಣವನ್ನು ಕುರಿತ ಘೋಷಣೆಯಲ್ಲಿ ಈ ಹಕ್ಕಿನ ಬೇರನ್ನು ತೋರಿಸಿತು. ಜನಾಂಗ, ಸ್ಥಿತಿ, ವಯಸ್ಸು ಯಾವುದೇ ಇರಲಿ, ಮನುಷ್ಯನಾದ ಘನತೆಯಿಂದಲೇ ಎಲ್ಲರಿಗೂ ಶಿಕ್ಷಣದ ಹಕ್ಕು ಇದೆ, ಅದನ್ನು ಕಿತ್ತುಕೊಳ್ಳಲಾಗದು ಎಂದಿತು. ಒಳ್ಳೆಯ ನಡತೆಗೆ ಸಿಗುವ ಬಹುಮಾನ ಎಂದು ಅದು ಹೇಳಲಿಲ್ಲ. ಮಗು ತಪ್ಪು ಮಾಡಿದಾಗ ದೇವರ ಪ್ರತಿರೂಪಕ್ಕೆ ಮಸಿ ಹತ್ತುತ್ತದೆ, ಪ್ರತಿರೂಪ ಅಳಿಸಿಹೋಗುವುದಿಲ್ಲ.

ಎರಡು ಆಕ್ಷೇಪಗಳು

ನಮ್ಮ ಧರ್ಮಕೇಂದ್ರಗಳ ದುಡಿಯುವ ತಂದೆತಾಯಂದಿರು ಕೇಳಬಹುದಾದ ಪ್ರಶ್ನೆ ನ್ಯಾಯವಾದದ್ದು. 'ಫಾದರ್, ನಾವು ಕೂಲಿ ಮಾಡಿ ಮಕ್ಕಳನ್ನು ಓದಿಸುತ್ತೇವೆ. ನಮ್ಮೂರ ಶಾಲೆಯಲ್ಲಿ ಗಣಿತಕ್ಕೆ ಮೇಷ್ಟ್ರಿಲ್ಲ. ಕದ್ದವನಿಗೆ ಮಾತ್ರ ಒಳ್ಳೆಯ ಮೇಷ್ಟ್ರು ಬೇಕೆ?' ದುಂದುಗಾರ ಮಗನ ಸಾಮತಿಯಲ್ಲಿ ಹಿರಿಯ ಮಗ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ತಂದೆ ಅವನನ್ನು ಗದರಿಸಲಿಲ್ಲ. ತನ್ನದೆಲ್ಲವೂ ಅವನದೇ ಎಂದು ನೆನಪಿಸಿದ. ನಮ್ಮ ಉತ್ತರವೂ ಅದೇ ಆಗಬೇಕು. ಊರಿನ ಶಾಲೆಗೆ ಮೇಷ್ಟ್ರು ಇಲ್ಲದಿರುವುದು ಅನ್ಯಾಯ. ಆ ಅನ್ಯಾಯವನ್ನು ವೀಕ್ಷಣಾಲಯಕ್ಕೂ ಹಂಚಿದರೆ ಅನ್ಯಾಯ ಎರಡಾಗುತ್ತದೆಯೇ ಹೊರತು ನ್ಯಾಯ ಹುಟ್ಟುವುದಿಲ್ಲ. ಇಬ್ಬರಿಗೂ ಮೇಷ್ಟ್ರು ಬೇಕೆಂದು ಒಂದೇ ಅರ್ಜಿಯಲ್ಲಿ ಕೇಳೋಣ.

ಎರಡನೆಯ ಆಕ್ಷೇಪ ಹೆಚ್ಚು ನೋವಿನದು. ಹದಿನೇಳರ ಹುಡುಗನೊಬ್ಬನ ಕೈಯಿಂದ ಮಗನನ್ನು ಕಳೆದುಕೊಂಡ ತಾಯಿ, 'ನನ್ನ ಮಗನ ಪುಸ್ತಕದ ಚೀಲ ಮೂಲೆಯಲ್ಲಿದೆ, ಅವನು ಮಾತ್ರ ಓದಬೇಕೆ?' ಎಂದು ಕೇಳಿದರೆ, ಆಕೆಗೆ ಉಪದೇಶ ಮಾಡುವ ಅಧಿಕಾರ ಯಾರಿಗೂ ಇಲ್ಲ. ಕ್ಷಮಿಸಮ್ಮಾ ಎಂದು ಅವಸರಪಡಿಸುವುದೂ ತಪ್ಪು. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಪಾಶವೀ ಕೃತ್ಯದ ನಂತರ ಇಡೀ ದೇಶವೇ ಇಂಥ ಸಿಟ್ಟಿನಿಂದ ಕುದಿಯಿತು. ಆ ಬಳಿಕ ಬಂದ 2015ರ ಕಾಯ್ದೆಯ ಪ್ರಕಾರ, ಹದಿನಾರು ದಾಟಿದವರು ಘೋರ ಅಪರಾಧ ಮಾಡಿದ್ದರೆ ವಯಸ್ಕರಂತೆ ವಿಚಾರಣೆಗೆ ಗುರಿಪಡಿಸಬಹುದು.

ಆದರೆ ಅದೇ ಕಾಯ್ದೆ ಮುಂದೆ ಏನು ಹೇಳುತ್ತದೆ ನೋಡಿ. ಅಂಥವನನ್ನು ಇಪ್ಪತ್ತೊಂದು ತುಂಬುವವರೆಗೆ ಸುರಕ್ಷಿತ ಸ್ಥಳದಲ್ಲಿ ಇರಿಸಿ ಶಿಕ್ಷಣ, ಕೌಶಲ, ಆಪ್ತಸಲಹೆ ಕೊಡಬೇಕು. ಅವಧಿ ಉಳಿದಿದ್ದರೆ, ಅವನಲ್ಲಿ ಸುಧಾರಣೆ ಆಗಿದೆಯೇ ಎಂದು ಮಕ್ಕಳ ನ್ಯಾಯಾಲಯ ಪರಿಶೀಲಿಸಬೇಕು. ಬದಲಾಗಿದ್ದಾನೆಯೇ ಎಂದು ಮುಂದೆ ಕೇಳಲಿರುವ ನಾವು, ಬದಲಾಗುವ ದಾರಿಯನ್ನೇ ಇಂದು ಕೊಡದಿದ್ದರೆ ಆ ಪರೀಕ್ಷೆ ಮೋಸವಾಗುವುದಿಲ್ಲವೇ?

ಆ ತಾಯಿಗೆ ಸಲ್ಲಬೇಕಾದ ನ್ಯಾಯಕ್ಕೂ ಇದು ಬೇಕು. ತಾನು ಏನು ಮಾಡಿದೆ, ಯಾರ ಬಾಳು ಬರಿದಾಯಿತು ಎಂಬುದನ್ನು ಆ ಹುಡುಗ ಅರಿಯಬೇಕು. ಪಾಪನಿವೇದನೆ ಸಂಸ್ಕಾರದಲ್ಲಿ ಧರ್ಮಸಭೆ ಕೇಳುವುದೂ ಇದನ್ನೇ: ಆತ್ಮಶೋಧನೆ, ಪಶ್ಚಾತ್ತಾಪ, ಬಾಯಿಬಿಟ್ಟು ಹೇಳುವುದು, ಪ್ರಾಯಶ್ಚಿತ್ತ. ಇದಕ್ಕೆಲ್ಲ ಮಾತು ಬೇಕು, ಇನ್ನೊಬ್ಬರ ನೋವನ್ನು ಊಹಿಸುವ ಮನಸ್ಸು ಬೇಕು. ಅಕ್ಷರ ಬಾರದ ನಮ್ಮ ಅಜ್ಜಿಯರೂ ಆಳವಾಗಿ ಪಶ್ಚಾತ್ತಾಪ ಪಡಬಲ್ಲರು, ನಿಜ. ಅವರಿಗೆ ಜಪಸರ, ಮನೆಯ ಪ್ರಾರ್ಥನೆ, ಹಿರಿಯರ ಕಥೆಗಳು ಕಲಿಸಿದ್ದವು. ಮನೆಯೂ ಕಲಿಸದ, ಬೀದಿಯಷ್ಟೇ ಕಲಿಸಿದ ಹುಡುಗನನ್ನು ಏಕೆ ಹೀಗೆ ಮಾಡಿದೆ ಎಂದು ಕೇಳಿದರೆ, 'ಗೊತ್ತಿಲ್ಲ ಸಾರ್' ಎನ್ನುತ್ತಾನೆ. ಅನೇಕ ವೇಳೆ ಅವನಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ. ಈ ಲೋಕದ ದಂಡನೆಗಳು ಸೇಡಿಗಿಂತ ಹೆಚ್ಚಾಗಿ ಔಷಧಿಯಂತಿರಬೇಕು ಎಂಬುದು ಅಕ್ವಿನಾಸರ ವಿಚಾರ. ಮಾತು ಕಲಿಸುವ ಶಿಕ್ಷಕ ಆ ಔಷಧಿಯ ಅರ್ಧ ಭಾಗ.

ನಮ್ಮ ಬಾಗಿಲಿಗೆ ಬಂದಾಗ

ಅಂಕಪಟ್ಟಿಯ ಮೇಲೆ ಬಂಧನದ ಸುಳಿವು ಇರಬಾರದೆಂಬ ನಿಯಮವನ್ನು ನೆನಪಿಡಿ ಎಂದೆನಲ್ಲವೇ? ನಮ್ಮ ಕಾಯ್ದೆಯೂ ಅದೇ ಮನಸ್ಸಿನದು. ಪ್ರಕರಣ ಮುಗಿದ ಮಗುವಿನ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿಯೂ ಹೊರಗೆಡಹುವಂತಿಲ್ಲ. ಇದು ಕಥೋಲಿಕರಿಗೆ ಅಪರಿಚಿತ ವಿಚಾರವೇ? ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರು ಪ್ರಾಣ ಹೋದರೂ ಹೇಳುವಂತಿಲ್ಲ. ಕ್ಷಮೆ ಪಡೆದವನು ಹಣೆಯ ಮೇಲೆ ಪಾಪದ ಪಟ್ಟಿ ಅಂಟಿಸಿಕೊಂಡು ದೇವಾಲಯದಿಂದ ಹೊರಬರುವುದಿಲ್ಲ.

ಹಾಗಾದರೆ ಆ ಹುಡುಗ ಮುಂದಿನ ಜೂನ್‌ನಲ್ಲಿ ತಾಯಿಯೊಡನೆ ನಮ್ಮ ಕಥೋಲಿಕ ಶಾಲೆಯ ಕಚೇರಿಗೆ ಬಂದರೆ ಏನಾಗುತ್ತದೆ? ಸೀಟು ಭರ್ತಿಯಾಗಿದೆ ಎನ್ನುತ್ತೇವೆಯೇ? ಇತರ ಮಕ್ಕಳ ತಂದೆತಾಯಂದಿರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಖ್ಯೋಪಾಧ್ಯಾಯರು ಪರಿವೀಕ್ಷಣಾಧಿಕಾರಿಯೊಡನೆ ಮಾತನಾಡಲಿ, ಹುಡುಗನ ಮೇಲೆ ಕಣ್ಣಿಡಲಿ, ಅವನಿಗೊಬ್ಬ ಶಿಕ್ಷಕರನ್ನು ಹಿತೈಷಿಯಾಗಿ ಗೊತ್ತುಮಾಡಲಿ. ಆದರೆ ಕೇವಲ ಹಳೆಯದರ ಹೆಸರಿನಲ್ಲಿ ಬಾಗಿಲು ಮುಚ್ಚಿದರೆ, ಗೃಹದ ಒಳಗೆ ಸರ್ಕಾರ ಎಷ್ಟು ಒಳ್ಳೆಯ ಶಾಲೆ ನಡೆಸಿದರೂ ವ್ಯರ್ಥ. ಬೋಸ್ಕೊರವರು ಕಂಡ ಹುಡುಗರಂತೆ ಅವನೂ ಅಲ್ಲಿಗೇ ಮರಳುತ್ತಾನೆ.

ಪೋಪ್ ಫ್ರಾನ್ಸಿಸರು ಜಗದ್ಗುರುಗಳಾದ ಕೆಲವೇ ದಿನಗಳಲ್ಲಿ, 2013ರ ಮಾರ್ಚ್ 28ರ ಪವಿತ್ರ ಗುರುವಾರದಂದು, ರೋಮಿನ ಕಸಾಲ್ ದೆಲ್ ಮಾರ್ಮೊ ಎಂಬ ಬಾಲಬಂಧನ ಗೃಹಕ್ಕೆ ಹೋಗಿ ಹನ್ನೆರಡು ಯುವಕಯುವತಿಯರ ಪಾದ ತೊಳೆದರು. 2023ರ ಪವಿತ್ರ ಗುರುವಾರದಂದು ಮತ್ತೆ ಅಲ್ಲಿಗೇ ಹೋದರು. ಪ್ರತಿ ವರ್ಷ ಪಾದ ತೊಳೆಯುವ ವಿಧಿಯನ್ನು ನಾವೂ ಆಚರಿಸುತ್ತೇವೆ. ಅದರ ಮುಂದುವರಿಕೆ ನಮ್ಮ ಧರ್ಮಕೇಂದ್ರದಲ್ಲಿ ಏನು?

ನಮ್ಮಲ್ಲಿ ನಿವೃತ್ತ ಶಿಕ್ಷಕ ಶಿಕ್ಷಕಿಯರಿದ್ದಾರೆ. ಇಲಾಖೆಯ ಅನುಮತಿ ಪಡೆದು ವಾರಕ್ಕೆ ಎರಡು ದಿನ ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಬಹುದು. ಆದರೆ ಒಪ್ಪಿಕೊಂಡ ಮೇಲೆ ತಪ್ಪಿಸಬಾರದು, ಈ ಮಕ್ಕಳು ಮುರಿದ ಮಾತುಗಳನ್ನು ಸಾಕಷ್ಟು ಕಂಡಿದ್ದಾರೆ. ವಕೀಲರಿದ್ದಾರೆ, ಪರೀಕ್ಷೆಗೆ ಹೆಸರು ನೋಂದಾಯಿಸಲು, ಹಳೆಯ ಶಾಲೆಯಿಂದ ಟಿ.ಸಿ. ತರಿಸಲು ನೆರವಾಗಬಹುದು. ಪುಸ್ತಕ ಕೊಡುವವರು ಹೊಸ ಪಠ್ಯಪುಸ್ತಕವನ್ನೇ ಕೊಡಿ, ನಿಮ್ಮ ಮಗನಿಗೆ ಕೊಳ್ಳುವಂಥದ್ದನ್ನೇ. ಶಾಲಾ ಆಡಳಿತ ಮಂಡಳಿಯಲ್ಲಿರುವವರು ಮುಂದಿನ ಸಭೆಯಲ್ಲಿ ಈ ಪ್ರವೇಶದ ಪ್ರಶ್ನೆಯನ್ನು ಎತ್ತಿರಿ.

ಅಂತಿಮ ತೀರ್ಪಿನ ದಿನ ಪ್ರಭು ತಾನು ಸೆರೆಯಲ್ಲಿದ್ದಾಗ ನೋಡಲು ಬಂದವರನ್ನು ತನ್ನವರೆಂದು ಕರೆಯುವನೆಂದು ಸಂತ ಮತ್ತಾಯನ ಶುಭಸಂದೇಶ ನಮಗೆ ಹೇಳುತ್ತದೆ. ಆ ಸೆರೆಯಾಳು ನಿರಪರಾಧಿಯಾಗಿರಬೇಕೆಂಬ ಷರತ್ತನ್ನು ಅವರು ಹಾಕಲಿಲ್ಲ. ಈ ವಾರ ಮನೆಯಲ್ಲಿ ಮಕ್ಕಳೊಡನೆ ಜಪಸರ ಹೇಳುವಾಗ, ಮನೆಯಿಂದ ದೂರವಾಗಿ ವೀಕ್ಷಣಾಲಯದಲ್ಲಿ ಮಲಗುವ ಮಕ್ಕಳಿಗಾಗಿಯೂ, ಅವರಿಂದ ನೊಂದ ಕುಟುಂಬಗಳಿಗಾಗಿಯೂ, ಅವರಿಗೆ ಪಾಠ ಹೇಳುವ ಶಿಕ್ಷಕರಿಗಾಗಿಯೂ ಒಂದು ದಶಕವನ್ನು ಅರ್ಪಿಸೋಣ. ಆಮೇಲೆ, ನಮ್ಮ ಪಾಲಿನ ಋಣ ಎಷ್ಟೆಂದು ಪ್ರತಿಯೊಬ್ಬರೂ ಲೆಕ್ಕ ಹಾಕೋಣ.