ಹರಾಜಿನಲ್ಲಿ ಕೊಂಡ ನಾಣ್ಯ

ಕೆಲವರಿಗೆ ಅಂಚೆಚೀಟಿ, ಕೆಲವರಿಗೆ ಹಳೆಯ ಗ್ರಾಮಫೋನ್ ತಟ್ಟೆ. ನನಗೆ ಹತ್ತಿದ ಹುಚ್ಚು ಹಳೆಯ ನಾಣ್ಯಗಳದ್ದು. ಚಿಕ್ಕಂದಿನಲ್ಲಿ, ಹಾಸನದ ಹತ್ತಿರದ ನಮ್ಮೂರಿನಲ್ಲಿ, ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಒಂದು ಆನೆ ಕಾಸು ಇತ್ತು. ಮೈಸೂರು ಸಂಸ್ಥಾನದ ತಾಮ್ರದ ಕಾಸು, ಆನೆ ಸವೆದು ಬೆನ್ನು ಮಾತ್ರ ಉಳಿದಿತ್ತು. "ಇದನ್ನ ಎಷ್ಟು ಜನ ಮುಟ್ಟಿರಬಹುದು ಅಜ್ಜಿ?" ಎಂದು ಕೇಳಿದರೆ, "ಮುಟ್ಟಿದೋರೆಲ್ಲಾ ಹೋದ್ರು ಮಗು, ಕಾಸು ಉಳೀತು ನೋಡು" ಎಂದಿದ್ದರು. ಆ ಮಾತಿನ ಜೊತೆಗೇ ಹುಚ್ಚೂ ಉಳಿಯಿತು.

ಇಂಗ್ಲೆಂಡಿಗೆ ಬಂದ ಮೇಲೆ ಅದಕ್ಕೆ ಗೊಬ್ಬರ ಸಿಕ್ಕಿತು. ಲಂಡನ್ನು ನಾಣ್ಯಗಳ ಹರಾಜಿಗೆ ಹೆಸರಾದ ಊರು. ಈಗಂತೂ ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಬಿಡ್ ಕೂಗಬಹುದು. ಹೋದ ಚಳಿಗಾಲದ ಒಂದು ಮಧ್ಯಾಹ್ನ ನಾನು ಹಾಗೆ ಕುಳಿತಿದ್ದೆ. ನನ್ನ ಕಣ್ಣಿದ್ದದ್ದು ಒಂದು ಹೊಯ್ಸಳ ಚಿನ್ನದ ನಾಣ್ಯದ ಮೇಲೆ. ತೂಕ ಹೆಚ್ಚುಕಡಿಮೆ ನಾಲ್ಕು ಗ್ರಾಂ. ಒಂದು ಬದಿ ಸಿಂಹ. ಇನ್ನೊಂದು ಬದಿ ಮೂರು ಸಾಲಿನ ಕನ್ನಡ ಅಕ್ಷರ: "ಶ್ರೀ ತಳಕಾಡುಗೊಂಡ". ಚೋಳರಿಂದ ತಲಕಾಡನ್ನು ಗೆದ್ದ ವಿಷ್ಣುವರ್ಧನನ ಬಿರುದು ಅದು. ಒಂಬೈನೂರು ವರ್ಷದ ಹಿಂದಿನ ಕನ್ನಡವನ್ನು ಪರದೇಶದ ಕ್ಯಾಟಲಾಗಿನಲ್ಲಿ ಕಂಡಾಗ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಂದಾಜು ಬೆಲೆ 500ರಿಂದ 600 ಪೌಂಡ್ ಎಂದಿತ್ತು. ಆರುನೂರು ದಾಟುವುದಿಲ್ಲ ಎಂದು ಚೀಟಿಯಲ್ಲಿ ಬರೆದು ಮುಂದಿಟ್ಟುಕೊಂಡಿದ್ದೆ. ಆರುನೂರು ಆಯಿತು. ಯಾರೋ ಒಬ್ಬರು ಆರುನೂರೈವತ್ತು ಎಂದರು. ಯಾರು, ಎಲ್ಲಿಯವರು ಗೊತ್ತಿಲ್ಲ. ಆದರೆ ಆ ಕ್ಷಣ ಅವರು ನನ್ನ ವೈರಿ. ಏಳುನೂರು, ಏಳುನೂರೈವತ್ತು... ಅಡುಗೆಮನೆಯಿಂದ ನನ್ನಾಕೆ, "ರೀ, ಇನ್ನೂ ಮುಗೀಲಿಲ್ವಾ?" ಎಂದಳು. ಒಂಬೈನೂರಕ್ಕೆ ಸುತ್ತಿಗೆ ಬಿತ್ತು. ನಾಣ್ಯ ನನ್ನದಾಯಿತು.

ಸುತ್ತಿಗೆಯ ಬೆಲೆಯೇ ಕೊನೆಯ ಬೆಲೆಯಲ್ಲ. ಕೊಂಡವರು ಹರಾಜಿನವರಿಗೆ ಶುಲ್ಕ ಕೊಡಬೇಕು. ಇಲ್ಲಿ ಅದು ಶೇಕಡಾ 20, ಆ ಶುಲ್ಕದ ಮೇಲೆ ಮತ್ತೆ ಶೇಕಡಾ 20 ತೆರಿಗೆ. ಒಟ್ಟು 1116 ಪೌಂಡ್. ವಿಷ್ಣುವರ್ಧನ ತಲಕಾಡನ್ನು ಗೆದ್ದದ್ದೂ ಸುಮಾರು 1116ರಲ್ಲೇ ಎಂದು ನನ್ನಾಕೆಗೆ ಹೇಳಿದೆ. ಅವಳು ನಗಲಿಲ್ಲ.

ಚೀಟಿ ಹಾಗೇ ಮೇಜಿನ ಮೇಲಿತ್ತು. ಬೆಳಿಗ್ಗೆ ನಾಣ್ಯದ ಬೆಲೆ ಆರುನೂರು ಎಂದುಕೊಂಡಿದ್ದವನೂ ನಾನೇ, ಮಧ್ಯಾಹ್ನ ಒಂಬೈನೂರು ಎಂದವನೂ ನಾನೇ. ನಡುವೆ ನಾಣ್ಯ ಬದಲಾಗಿರಲಿಲ್ಲ. ಇನ್ನೊಬ್ಬನಿಗೂ ಅದು ಬೇಕು ಎಂದು ತಿಳಿದದ್ದಷ್ಟೇ ಹೊಸತು. ನಾವು ಆಸೆಯನ್ನು ನಮ್ಮದೇ ಎಂದುಕೊಳ್ಳುತ್ತೇವೆ. ಆದರೆ ಹರಾಜಿನಲ್ಲಿ ಅರ್ಧ ಆಸೆ ಎದುರಾಳಿಯಿಂದ ಕಡ ತಂದದ್ದು.

ಇದು ದುಡ್ಡಿನ ಮಾತಾಯಿತು. ಸೋತರೆ ನನ್ನ ಕಿಸೆಗೆ ಮಾತ್ರ ನಷ್ಟ. ನನ್ನನ್ನು ನಿಜವಾಗಿ ಕಾಡಿದ್ದು ಬೇರೆ. ಕ್ಯಾಟಲಾಗಿನಲ್ಲಿ ನಾಣ್ಯದ ಹಿನ್ನೆಲೆಯ ಬಗ್ಗೆ ಇದ್ದದ್ದು ಇಷ್ಟೇ: "ಹಳೆಯ ಯುರೋಪಿಯನ್ ಸಂಗ್ರಹದಿಂದ". ಎಷ್ಟು ಹಳೆಯದು? ಯಾರ ಸಂಗ್ರಹ? ಹಣ ಕಟ್ಟಿದ ಮೇಲೆ ಪತ್ರ ಬರೆದು ಕೇಳಿದೆ. ಮಾರಿದವರ ಗೋಪ್ಯತೆಯ ಕಾರಣ ಹೆಚ್ಚಿನ ವಿವರ ಕೊಡಲಾಗದು ಎಂದು ವಿನಯವಾಗಿ ಉತ್ತರ ಬಂತು. ಗಮನಿಸಿ, ನಾನು ಕೇಳಿದ್ದು ಕೊಂಡ ಮೇಲೆ. ಮೊದಲೇ ಕೇಳಬಹುದಿತ್ತು. ಕೇಳಿದ್ದರೆ ಕೊಳ್ಳಲಾಗುವುದಿಲ್ಲವೇನೋ ಎಂಬ ಅಳುಕು ಒಳಗೆಲ್ಲೋ ಇದ್ದಿರಬೇಕು.

ಭಾರತದಲ್ಲಿ 1878ರ ನಿಧಿ ಕಾಯಿದೆಯ ಪ್ರಕಾರ ಭೂಮಿಯಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನನ್ನ ನಾಣ್ಯ ಬ್ರಿಟಿಷ್ ಅಧಿಕಾರಿಯೊಬ್ಬನ ಪೆಟ್ಟಿಗೆಯಲ್ಲಿ ನೂರೈವತ್ತು ವರ್ಷದ ಹಿಂದೆ ಬಂದಿರಬಹುದು. ಹೊಲ ಉಳುವಾಗ ಸಿಕ್ಕಿ, ಯಾರಿಗೂ ಹೇಳದೆ ಹತ್ತು ವರ್ಷದ ಹಿಂದೆ ಕಳ್ಳದಾರಿಯಲ್ಲಿ ಬಂದಿರಲೂಬಹುದು. ಚಿನ್ನದ ಹೊಳಪು ಎರಡಕ್ಕೂ ಒಂದೇ.

ಇದು ಬರೀ ನನ್ನ ಸಂಶಯವೆಂದು ತಳ್ಳಿಹಾಕಬೇಡಿ. 2020ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಒಂದು ರೋಮನ್ ಚಿನ್ನದ ನಾಣ್ಯ ಶುಲ್ಕವೂ ಸೇರಿ 32 ಲಕ್ಷ 40 ಸಾವಿರ ಪೌಂಡಿಗೆ ಹೋಯಿತು. ಜೂಲಿಯಸ್ ಸೀಸರನನ್ನು ಕೊಂದ ಬ್ರೂಟಸ್ ಕ್ರಿ.ಪೂ. 42ರಲ್ಲಿ ಅಚ್ಚು ಹಾಕಿಸಿದ್ದು. ಎರಡು ಕಠಾರಿ, ನಡುವೆ ಬಿಡುಗಡೆ ಹೊಂದಿದ ದಾಸರ ಟೋಪಿ, ಕೆಳಗೆ ಕೊಲೆಯಾದ ಮಾರ್ಚ್ 15ರ ಹೆಸರು. ಅದಕ್ಕೂ "ಹಳೆಯ ಸಂಗ್ರಹ"ದ ಕಥೆ ಇತ್ತು. ಆ ಕಥೆ ಸುಳ್ಳು ಎಂದು ಅಮೆರಿಕದ ತನಿಖೆಯಲ್ಲಿ ಹೊರಬಿತ್ತು. 2023ರ ಮಾರ್ಚಿನಲ್ಲಿ ನಾಣ್ಯವನ್ನು ಗ್ರೀಸ್ ದೇಶಕ್ಕೆ ಒಪ್ಪಿಸಲಾಯಿತು. ಲಕ್ಷಗಟ್ಟಲೆ ಪೌಂಡಿನ ವಸ್ತುವಿನ ಕಥೆಯೇ ಹೀಗಿರುವಾಗ, ನನ್ನ ಒಂದು ಸಾವಿರದ ವಸ್ತುವಿನ ಕಥೆಯನ್ನು ಯಾರು ಪರೀಕ್ಷಿಸುತ್ತಾರೆ?

ಸ್ನೇಹಿತರ ಮುಂದೆ ಹೇಳಿಕೊಂಡೆ. ಒಬ್ಬರು, "ನೀವು ಕೊಳ್ಳದಿದ್ರೆ ಇನ್ನೊಬ್ಬ ಕೊಳ್ತಿದ್ದ ಸ್ವಾಮಿ" ಎಂದರು. ನಿಜ. ಆದರೆ ಈ ಸಮಾಧಾನ ಕದ್ದ ಸೈಕಲ್ ಕೊಳ್ಳುವವನಿಗೂ ಹೊಂದುತ್ತದೆ. ಇನ್ನೊಬ್ಬರು, "ಹೇಗೋ ಕನ್ನಡದ ನಾಣ್ಯ ಕನ್ನಡಿಗರ ಕೈಗೇ ಬಂತಲ್ಲ, ಪುಣ್ಯ!" ಎಂದರು. ಈ ಮಾತು ನನಗೆ ಬಹಳ ಹಿತವಾಯಿತು. ಹಿತವಾದದ್ದಕ್ಕೇ ಅನುಮಾನ ಬಂತು. ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ನಾಣ್ಯದಿಂದ ಕನ್ನಡಕ್ಕೆ ಏನು ಬಂತು? ನನ್ನ ಆಸೆ ಕನ್ನಡಾಭಿಮಾನದ ಶಾಲು ಹೊದ್ದು ನಿಂತಿತ್ತು, ಅಷ್ಟೇ.

ಸಂಗ್ರಹಕಾರರ ಪರವಾಗಿಯೂ ನ್ಯಾಯವಾದ ಮಾತಿದೆ. ನಾಣ್ಯ ದೇವರ ವಿಗ್ರಹದಂತೆ ಒಂದೇ ಜಾಗದಲ್ಲಿರಲೆಂದು ಮಾಡಿದ್ದಲ್ಲ, ಕೈಯಿಂದ ಕೈಗೆ ಹೋಗಲೆಂದೇ ಅಚ್ಚಾದದ್ದು. ಸಂಗ್ರಹಿಸಿ ಕೂಡಿಟ್ಟವರಿಲ್ಲದಿದ್ದರೆ ಎಷ್ಟೋ ನಾಣ್ಯಗಳು ಅಕ್ಕಸಾಲಿಗನ ಮೂಸೆಯಲ್ಲಿ ಕರಗುತ್ತಿದ್ದವು. ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ 1886ರಲ್ಲಿ ಪುಸ್ತಕ ತಂದ ಸರ್ ವಾಲ್ಟರ್ ಎಲಿಯಟ್ ಸ್ವತಃ ಸಂಗ್ರಹಕಾರ.

ಆದರೆ ಸಿಕ್ಕ ಜಾಗ ಕಳೆದುಹೋದರೆ ನಾಣ್ಯದ ಅರ್ಧ ಮಾತು ನಿಂತುಹೋಗುತ್ತದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರ ಉತ್ಖನನದಲ್ಲಿ ರೋಮನ್ ಚಕ್ರವರ್ತಿ ಟಿಬೇರಿಯಸನ ಬೆಳ್ಳಿ ನಾಣ್ಯ ಸಿಕ್ಕಿತು. ಮಣ್ಣಿನ ಯಾವ ಪದರದಲ್ಲಿ, ಯಾವ ಮಡಕೆಗಳ ಜೊತೆ ಸಿಕ್ಕಿತು ಎಂಬುದು ದಾಖಲಾದ್ದರಿಂದ ಆ ನೆಲೆಯ ಕಾಲ ಗುರುತಿಸಲು ನೆರವಾಯಿತು. ಅದೇ ನಾಣ್ಯ ರಾತ್ರೋರಾತ್ರಿ ಅಗೆದು ಮಾರಿದ್ದಾಗಿದ್ದರೆ ಹರಾಜಿನ ಒಂದು ನಂಬರು ಆಗುತ್ತಿತ್ತು. ಕಳ್ಳತನದಲ್ಲಿ ಹೋಗುವುದು ವಸ್ತುವಷ್ಟೇ ಅಲ್ಲ, ಎಲ್ಲರಿಗೂ ಸೇರಿದ ತಿಳಿವಳಿಕೆ. ಅದನ್ನು ಯಾವ ದೇಶಕ್ಕೆ ಹಿಂತಿರುಗಿಸಿದರೂ ಮರಳಿ ಬರುವುದಿಲ್ಲ.

ನಮ್ಮ ಹಿರಿಯರು ಅಸ್ತೇಯ, ಅಪರಿಗ್ರಹ ಎಂದು ಎರಡು ಬೇರೆ ಬೇರೆ ಮಾತು ಇಟ್ಟಿದ್ದಾರೆ. ಕದಿಯಬಾರದು, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರದು. ನಾನು ಕದ್ದಿಲ್ಲ, ರಸೀದಿ ಇದೆ. ಆದರೆ ಕೂಡಿಡುವವನ ಆತುರವೇ ಎಲ್ಲೋ ದೂರದಲ್ಲಿ ಕದಿಯುವವನ ಕೈಗೆ ಗುದ್ದಲಿ ಕೊಡುತ್ತದೆ ಎಂಬುದು ಈ ವ್ಯವಹಾರದಲ್ಲಿ ನನಗೆ ಅರ್ಥವಾಯಿತು.

ನಾಣ್ಯದ ಮೇಲಿನ ಮಾತನ್ನೇ ನೋಡಿ. "ತಳಕಾಡುಗೊಂಡ", ಅಂದರೆ ತಲಕಾಡನ್ನು ಕೊಂಡವನು, ವಶಪಡಿಸಿಕೊಂಡವನು. ನಮ್ಮ ಭಾಷೆಯಲ್ಲಿ ದುಡ್ಡು ಕೊಟ್ಟು ಪಡೆದರೂ ಕೊಂಡದ್ದೇ, ಗೆದ್ದು ಕಿತ್ತುಕೊಂಡರೂ ಕೊಂಡದ್ದೇ. ನಾನು ಯಾವ ಅರ್ಥದಲ್ಲಿ ಕೊಂಡೆ?

ಈಗೇನು ಮಾಡುವುದು? ಮಾರಿದರೆ ಸಂಶಯವನ್ನು ಇನ್ನೊಬ್ಬರ ಮನೆಗೆ ದಾಟಿಸಿದಂತೆ. ವಸ್ತುಸಂಗ್ರಹಾಲಯಕ್ಕೆ ಕೊಡೋಣವೆಂದರೆ, 1970ರ ಯುನೆಸ್ಕೋ ಒಪ್ಪಂದದ ನಂತರ ಅಲ್ಲಿಯೂ ಹಿನ್ನೆಲೆಯ ಕಾಗದ ಕೇಳುತ್ತಾರೆ. ಸದ್ಯಕ್ಕೆ ಎರಡು ಕೆಲಸ ಮಾಡಿದ್ದೇನೆ. ನಾಣ್ಯದ ಜೊತೆ ಒಂದು ಹಾಳೆ ಇಟ್ಟಿದ್ದೇನೆ: ಯಾವಾಗ, ಎಷ್ಟಕ್ಕೆ ಕೊಂಡೆ, ಏನು ಕೇಳಿದೆ, ಏನು ಉತ್ತರ ಬಂತು, ಎಲ್ಲವೂ. ಮುಂದೆ ಯಾರಾದರೂ ಇದು ನಮ್ಮಲ್ಲಿಂದ ಹೋದದ್ದು ಎಂದು ಸಾಕ್ಷಿ ಸಹಿತ ಬಂದರೆ ಮಾತಿಲ್ಲದೆ ಕೊಟ್ಟುಬಿಡಿ ಎಂದು ಕೆಳಗೆ ಮಕ್ಕಳಿಗೆ ಬರೆದಿದ್ದೇನೆ. ಎರಡನೆಯದು, ಇನ್ನು ಮುಂದೆ ಪ್ರಶ್ನೆ ಮೊದಲು, ಬಿಡ್ ಆಮೇಲೆ. ಈ ನಿಯಮ ಮಾಡಿಕೊಂಡ ಮೇಲೆ ಮೂರು ಹರಾಜು ಬಂದುಹೋದವು. ಮೂರರಲ್ಲೂ ಉತ್ತರ ಸಾಲದೆ ಬಿಡ್ ಕೂಗಲಿಲ್ಲ. ನನ್ನಾಕೆಗೆ ಸಂತೋಷ.

ಇಷ್ಟು ಸಾಕೇ ಎಂದು ಕೇಳಿದರೆ ಹೌದೆನ್ನುವ ಧೈರ್ಯ ನನಗಿಲ್ಲ. ಅಜ್ಜಿಯ ಆನೆ ಕಾಸು ಈಗಲೂ ನನ್ನ ಹತ್ತಿರವೇ ಇದೆ. ಹರಾಜಿಗಿಟ್ಟರೆ ಒಂದೆರಡು ಪೌಂಡೂ ಬಾರದು. ಆದರೆ ಅದು ಯಾರ ಕೈಯಿಂದ ಬಂತೆಂದು ಹೇಳಬಲ್ಲೆ. ಓದುಗರೇ, ನನ್ನ ಜಾಗದಲ್ಲಿ ನೀವಿದ್ದರೆ ಆ ಚಿನ್ನದ ನಾಣ್ಯವನ್ನು ಏನು ಮಾಡುತ್ತಿದ್ದಿರಿ? ಮುಂದಿನ ಸಲ ಸಿಕ್ಕಾಗ ಹೇಳಿ, ಕೇಳಿಸಿಕೊಳ್ಳುತ್ತೇನೆ.